ನಾಲ್ಕು ಫ್ಯಾನಿನ ರೇಡಿಯೇಟರ್

ಮಾತಿಗೂ ಬಿಸಿ ಇರುತ್ತದೆ ಎಂಬುದು ಸೂಗಪ್ಪನಿಗೆ ಗೊತ್ತಾದದ್ದು ಹೆಂಡತಿಯ ಮಾತು ನಿಂತ ಮೇಲೆ.

ಹಾಗೆ ನೋಡಿದರೆ ಬಿಸಿಯ ವಿಷಯದಲ್ಲಿ ಅವನಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಕೃಷ್ಣೆಯ ದಂಡೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಕೂಲಿಂಗ್ ವಾಟರ್ ವಿಭಾಗದಲ್ಲಿ ಮೇಲ್ವಿಚಾರಕನಾಗಿ ಅವನ ತಲೆ ನರೆತಿತ್ತು. ನದಿಯ ನೀರನ್ನು ಒಳಗೆಳೆದು, ಯಂತ್ರದ ಬಿಸಿಯನ್ನು ಅದರ ಹೆಗಲಿಗೆ ಹೊರಿಸಿ, ಗೋಪುರದಲ್ಲಿ ಆರಿಸಿ ಮತ್ತೆ ಒಳಗೆ ಕಳಿಸುವುದು. ಇಷ್ಟೇ ನಿಮ್ಮ ಸಂಸಾರ ಎಂದು ಹೆಂಡತಿ ಶಂಕ್ರಮ್ಮ ಹಂಗಿಸುತ್ತಿದ್ದಳು. ಬಿಸಿಲಿನ ಕರೆಂಟೇ ದೇಶಕ್ಕೆ ಸಾಕೆಂದಾದ ಮೇಲೆ ಸ್ಥಾವರ ಮುಚ್ಚಿತು. ಗೋಪುರಗಳು ಪಾರಿವಾಳಗಳ ಪಾಲಾದವು. ಕಾಲೊನಿಯ ಕ್ವಾರ್ಟರ್ಸನ್ನು ನಿವೃತ್ತರಿಗೇ ಬಿಟ್ಟುಕೊಟ್ಟರು. ಹಳೆಯ ಕಂಟ್ರೋಲ್ ರೂಮನ್ನು ಆಸ್ಪತ್ರೆಯೊಂದು ಹಿಡಿದು, ಅಲ್ಲಿ ನುಡಿಯಂತ್ರ ಕೇಂದ್ರ ತೆರೆಯಿತು.

ಶಂಕ್ರಮ್ಮನ ರೋಗ ನರಗಳದ್ದು. ಮೊದಲು ಬೆರಳು ಹೋದವು, ಆಮೇಲೆ ಕಾಲು, ಆಮೇಲೆ ನಾಲಿಗೆ. ಕೊನೆಗೆ ರೆಪ್ಪೆ ಕೂಡ ಅವಳ ಮಾತು ಕೇಳದಾಯಿತು. ಹಗಲೆಲ್ಲ ರೆಪ್ಪೆ ಎತ್ತಿ ಪಟ್ಟಿ ಅಂಟಿಸಿ, ಕಣ್ಣಿಗೆ ಹನಿ ಬಿಡುತ್ತಿದ್ದರು. ಅವಳು ನೋಡುತ್ತಿದ್ದಳು, ಕೇಳುತ್ತಿದ್ದಳು, ಒಳಗೆ ಇಡೀ ಶಂಕ್ರಮ್ಮ ಇದ್ದಳು. ಹೊರಗೆ ಬರಲು ಮಾತ್ರ ಬಾಗಿಲಿರಲಿಲ್ಲ.

ಆ ಬಾಗಿಲೇ ನುಡಿಯಂತ್ರ. ತಲೆಬುರುಡೆಯ ಕೆಳಗೆ ಅಕ್ಕಿಕಾಳಿನಷ್ಟು ಚಿಪ್ಪು, ಮಂಚದ ಪಕ್ಕ ಸಣ್ಣ ಕಪಾಟಿನಷ್ಟು ಕಂಪ್ಯೂಟರು. ಮನಸ್ಸಿನಲ್ಲಿ ಹುಟ್ಟಿದ ಮಾತನ್ನು ಚಿಪ್ಪು ಹಿಡಿದು ಕೊಡುತ್ತದೆ, ಕಂಪ್ಯೂಟರು ಅದನ್ನು ಶಂಕ್ರಮ್ಮನ ಹಳೆಯ ದನಿಯಲ್ಲೇ ಆಡುತ್ತದೆ. ದನಿಯನ್ನು ಮಗಳು ಕವಿತಾಳ ಫೋನಿನಲ್ಲಿ ರೆಕಾರ್ಡಾಗಿ ಉಳಿದಿದ್ದ ಅವ್ವನ ಬೈಗುಳಗಳಿಂದ ಕಟ್ಟಿದ್ದರು. ಒಬ್ಬರ ಮನಸ್ಸು ಮನೆ ಬಿಟ್ಟು ಹೋಗಬಾರದು ಎಂದು ಕಾಯ್ದೆ ಇದ್ದುದರಿಂದ ಯಂತ್ರ ಮನೆಯಲ್ಲೇ ಇರಬೇಕು. ಮನಸ್ಸಿಗೆ ಬಂದದ್ದೆಲ್ಲ ಬಾಯಿಗೆ ಬಂದರೆ ಯಾವ ಮನೆ ಉಳಿದೀತು? ಆಡುವ ಮಾತು ಯಾವುದು, ನುಂಗುವ ಮಾತು ಯಾವುದು ಎಂದು ಯಂತ್ರ ಕ್ಷಣಕ್ಷಣಕ್ಕೂ ತೂಗಿ ನೋಡುತ್ತದೆ. ನುಂಗಿದ್ದನ್ನು ಆಡಬಾರದು, ಉಳಿಸಿಡಬಾರದು, ಯಾರಿಗೂ ತೋರಿಸಬಾರದು; ಅದಕ್ಕೂ ಕಾಯ್ದೆ ಇತ್ತು. ಈ ತೂಗುವ ಕೆಲಸಕ್ಕೇ ಯಂತ್ರ ಬಿಸಿಯಾಗುವುದು. ಕಂಪ್ಯೂಟರಿನೊಳಗಿನ ಕಾದ ಚಿಪ್ಪಿನ ಮೇಲೆ ತಾಮ್ರದ ಬಿಲ್ಲೆ, ಬಿಲ್ಲೆಯೊಳಗೆ ಹರಿಯುವ ನೀರು, ನೀರನ್ನು ಆರಿಸಲು ರೇಡಿಯೇಟರು, ರೇಡಿಯೇಟರಿಗೆ ಗಾಳಿ ಬೀಸಲು ಎರಡು ಫ್ಯಾನು. ಸೂಗಪ್ಪ ಅದನ್ನು ನೋಡಿ, ತನ್ನ ಸ್ಥಾವರವನ್ನೇ ಯಾರೋ ಕುಗ್ಗಿಸಿ ಕಿರಿದು ಮಾಡಿ ಮನೆಗೆ ತಂದಿಟ್ಟಿದ್ದಾರೆ ಅಂದುಕೊಂಡ.

ಮೊದಲ ದಿನ ಶಂಕ್ರಮ್ಮ ಮಗಳೊಂದಿಗೆ ಬೆಳಗಿನಿಂದ ಮಾತಾಡಿದಳು. ಕವಿತಾ ಕಾಲೊನಿಯ ಶಾಲೆಯಲ್ಲಿ ಟೀಚರು. ರಜೆ ಹಾಕಿ ಕೂತಿದ್ದಳು.

"ಅಗಸಿ ಹಿಂಡಿ ಯಾರು ಕುಟ್ಟಿದ್ದು? ವಾಸನಿ ಬರಾಕತ್ತೈತಿ, ಹುರದದ್ದು ಹೆಚ್ಚಾಗೈತಿ" ಎಂದು ಯಂತ್ರ ಬೈದಾಗ ಕವಿತಾ ನಗುತ್ತ ಅತ್ತಳು. ಅಡುಗೆಮನೆಯಲ್ಲಿದ್ದ ಸೂಗಪ್ಪ ಆ ದನಿ ಕೇಳಿ ಕೈಯಲ್ಲಿದ್ದ ಚಹಾದ ಕಪ್ಪನ್ನು ಹಿಡಿದುಕೊಂಡೇ ಓಡಿ ಬಂದ.

ಅವನು ಹೊಸ್ತಿಲು ದಾಟಿದ್ದೇ ತಡ, ಫ್ಯಾನು ಕಿರುಚಿಕೊಂಡವು. ಪರದೆಯ ಮೇಲೆ ನೀರಿನ ಬಿಸಿ ಸರಸರನೆ ಏರಿತು. "ಯಂತ್ರ ವಿಶ್ರಾಂತಿಯಲ್ಲಿದೆ" ಎಂಬ ಅಕ್ಷರ ಮೂಡಿ, ಮಾತು ನಿಂತಿತು. ನೀರು ಆರಿ ಮತ್ತೆ ಮಾತು ಬರಲು ಅರ್ಧ ತಾಸು ಬೇಕಾಯಿತು. ಮತ್ತೆ ಅವನು ಬಂದ, ಮತ್ತೆ ನಿಂತಿತು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಕವಿತಾ ಒಂದು ಸಲ, ಅಪ್ಪ ಹೊರಗಿದ್ದಾಗಲೇ, "ಅವ್ವಾ, ಅಪ್ಪನ್ನ ಕರೀಲೇನು?" ಎಂದು ಕೇಳಿದಳು. ಆ ಪ್ರಶ್ನೆಗೇ ಯಂತ್ರ ಕಾದು ಮಲಗಿತು. ಕವಿತಾ ಅದನ್ನೇ ಉತ್ತರ ಎಂದುಕೊಂಡಳು. ಅವಳು ಮತ್ತೆ ಕೇಳಲಿಲ್ಲ.

ಬೇಸಿಗೆ ಹತ್ತಿರ ಬಂತು. ಬೇಸಿಗೆಗೆ ಮೊದಲು ಯಂತ್ರವಿದ್ದ ಪ್ರತಿ ಮನೆಯವರೂ ಕೇಂದ್ರಕ್ಕೆ ಬಂದು ತಮಗೆ ತಕ್ಕ ರೇಡಿಯೇಟರನ್ನು ಆರಿಸಿಕೊಳ್ಳಬೇಕಿತ್ತು. ಸೂಗಪ್ಪ ಇಸ್ತ್ರಿ ಅಂಗಿ ತೊಟ್ಟು ಹೊರಟ.

ಕಂಟ್ರೋಲ್ ರೂಮಿನ ಹಳೆಯ ಹಸಿರು ಫಲಕಗಳು ಹಾಗೇ ಇದ್ದವು, ಮುಳ್ಳುಗಳೆಲ್ಲ ಸೊನ್ನೆಯಲ್ಲಿ ಮಲಗಿದ್ದವು. ನಡುವೆ ಹೊಸ ಪರದೆಗಳ ಮುಂದೆ ಎಂಜಿನಿಯರ್ ಶಾಹೀನ್ ಕೂತಿದ್ದಳು. ರಾಯಚೂರಿನ ಹುಡುಗಿ, ಮಾತು ಚುರುಕು, ಮನಸ್ಸು ಮೆತ್ತಗೆ. ಮೇಜಿನ ಮೇಲೆ ಅವಳು ಎರಡು ಮಾದರಿ ಇಟ್ಟಳು. ಒಂದು ತೆಳ್ಳಗಿನದು, ಎರಡು ಫ್ಯಾನಿನದು. ಇನ್ನೊಂದು ಕಾರಿನದರಷ್ಟು ದಪ್ಪ, ನಾಲ್ಕು ಫ್ಯಾನಿನದು. ಅದಕ್ಕೆ ಪಂಪೂ ದೊಡ್ಡದು ಬೇಕು.

ಸೂಗಪ್ಪ ಕನ್ನಡಕ ಹಾಕಿಕೊಂಡು ದಪ್ಪದ್ದನ್ನು ಎತ್ತಿ ಬೆಳಕಿಗೆ ಹಿಡಿದ. ತಾಮ್ರದ ಕೊಳವೆಗಳ ನಡುವೆ ಬಾಚಣಿಕೆ ಹಲ್ಲಿನಂಥ ಎಲೆಗಳು. ಉಗುರಿನಿಂದ ಮೀಟಿದ.

"ಎಲಿ ಭಾಳ ಒತ್ತಾಗಿ ಅದಾವು. ಗಾಳಿ ಜೋರು ಹೊಡಿಬೇಕು, ಇಲ್ಲಾಂದ್ರ ಬಿಸಿ ಒಳಗ ಕುಂತ್ಬಿಡ್ತೈತಿ" ಎಂದ.

"ಅದಕ್ಕ ನಾಲ್ಕು ಫ್ಯಾನು, ಕಾಕಾ."

"ಆತು. ಆದ್ರ ಒಂದು ಹೇಳ್ತೀನಿ ಶಾಹೀನಮ್ಮ. ಏನ ಹಾಕ್ರಿ, ನೀರು ಗಾಳಿಗಿಂತ ತಣ್ಣಗಾಗಂಗಿಲ್ಲ. ನಮ್ಮ ಊರಾಗ ಗಾಳೀನ ನಲವತ್ನಾಲ್ಕು ಅಂದ್ರ, ನೀರು ನಲವತ್ತಾರಕ್ಕ ನಿಂತ್ರ ಪುಣ್ಯ." ಹೇಳುವಾಗ ಅವನ ಬೆನ್ನು ನೆಟ್ಟಗಾಯಿತು. ಬಹಳ ದಿನಗಳ ಮೇಲೆ ಅವನಿಗೆ ತನ್ನ ಕೆಲಸದ ಮಾತು ಸಿಕ್ಕಿತ್ತು. "ಈ ದೊಡ್ಡದ ಕೊಡ್ರಿ. ನಮ್ಮಾಕಿ ಮಾತಿಗಿ ಕಡಿಮಿ ಆಗಬಾರದು."

ಶಾಹೀನ್ ಪರದೆಯನ್ನು ಅವನ ಕಡೆ ತಿರುಗಿಸಿದಳು.

"ಇದು ಅಮ್ಮಾರ ದಿನದ ಬಿಸಿ, ಕಾಕಾ. ನೋಡ್ರಿ, ಮಗಳ ಜೋಡಿ ಇಷ್ಟು ಮಾತಾಡಿದ್ರೂ ಗೆರಿ ತಗ್ಗಿನಾಗೈತಿ. ಇದಕ್ಕ ಎರಡು ಫ್ಯಾನಿಂದು ಬ್ಯಾಸಿಗ್ಯಾಗೂ ಸಾಕು."

"ಮತ್ತ ಈ ಗುಡ್ಡ?"

"ಅದು... ನೀವು ಒಳಗ ಹೋದಾಗಿಂದು."

ಸೂಗಪ್ಪ ನೋಡಿದ. ದಿನಕ್ಕೊಂದು ಗುಡ್ಡ, ಅವನ ಚಹಾದ ಹೊತ್ತಿಗೆ ಸರಿಯಾಗಿ.

"ನಿಮ್ಮನ್ನ ನೋಡಿದ ಕೂಡ್ಲೆ ಅಮ್ಮಾರು ಯಾವುದೋ ಒಂದು ಮಾತು ಅದುಮಿ ಹಿಡಿತಾರ, ಕಾಕಾ. ಅದು ಮ್ಯಾಲೆ ಬರ್ತೈತಿ, ಅವರು ಕೆಳಗ ಒತ್ತತಾರ. ಯಂತ್ರಕ್ಕ ತಿಳಿಯಂಗಿಲ್ಲ, ಆಡಬೇಕೋ ಬಿಡಬೇಕೋ ಅಂತ. ತೂಗಿ ತೂಗಿ ಕಾದುಬಿಡ್ತೈತಿ."

"ಏನ್ ಮಾತದು?"

"ನಮಗ ಕಾಣಂಗಿಲ್ಲ. ನೋಡೂದೂ ತಪ್ಪು."

ಗಂಡನನ್ನು ಕಂಡೊಡನೆ ಹೆಂಡತಿ ಹಲ್ಲುಕಚ್ಚಿ ನುಂಗುವ ಮಾತು ಇನ್ನೇನಿದ್ದೀತು? ಸೂಗಪ್ಪ ಸಿಡುಕಿನ ಮನುಷ್ಯ, ತನಗೇ ಗೊತ್ತಿತ್ತು. ಸಂಸಾರದಲ್ಲಿ ಅವನು ಆಡಿದ ಮಾತಿಗೆಲ್ಲ ಶಂಕ್ರಮ್ಮ ಅರ್ಧ ಉತ್ತರ ಕೊಟ್ಟು ಅರ್ಧ ನುಂಗಿದ್ದಳು. ಆ ನುಂಗಿದ ಅರ್ಧವೇ ಈಗ ಕುದಿಯುತ್ತಿದೆ ಎಂದು ಅವನಿಗೆ ತೋರಿತು. ಅವಳನ್ನು ಆ ಸಂಕಟಕ್ಕೆ ದೂಡುತ್ತಿರುವುದು ತಾನು, ತನ್ನ ಚಹಾದ ಕಪ್ಪು.

ಕಂಟ್ರೋಲ್ ರೂಮಿನಲ್ಲಿ ಅವನು ಎಷ್ಟೋ ಹುಡುಗರಿಗೆ ಒಂದು ಪಾಠ ಕಲಿಸಿದ್ದ: ಬಿಸಿ ಏರಿದರೆ ಮೊದಲು ಲೋಡ್ ಇಳಿಸು, ಕಾರಣ ಆಮೇಲೆ ಹುಡುಕು. ಈಗ ಅದೇ ಕೋಣೆಯಲ್ಲಿ ನಿಂತು ಅವನು ದಪ್ಪ ರೇಡಿಯೇಟರನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ. ಲೋಡ್ ಯಾವುದೆಂದು ಗೊತ್ತಾಗಿತ್ತು.

"ಎರಡು ಫ್ಯಾನಿಂದ ಸಾಕು. ನಾ ಒಳಗ ಹೋಗಂಗಿಲ್ಲ" ಎಂದ. "ದೊಡ್ಡದು ಯಾರಿಗರ ಬೇಕಾದವರಿಗಿ ಕೊಡ್ರಿ."

"ಕಾಕಾ, ಅವಸರ ಮಾಡಬ್ಯಾಡ್ರಿ..."

"ಇದರಾಗ ನನಗ ಹೇಳಬ್ಯಾಡವ್ವ. ಇದು ನನ್ನ ಕೆಲಸ."

ತೆಳ್ಳನೆಯ ರೇಡಿಯೇಟರನ್ನು ಕೋಣೆಯ ಕಿಟಕಿಗೆ ಕೂರಿಸಿದರು, ಬಿಸಿಗಾಳಿ ಹೊರಗೆ ವರಾಂಡಕ್ಕೆ ಹೋಗುವಂತೆ. ಸೂಗಪ್ಪ ತನ್ನ ಕುರ್ಚಿಯನ್ನು ಆ ಕಿಟಕಿಯ ಕೆಳಗೇ ಹಾಕಿಕೊಂಡ. ಒಳಗಿನಿಂದ ಅವನು ಕಾಣಿಸುತ್ತಿರಲಿಲ್ಲ. ಅವನಿಗೆ ಮಾತ್ರ ಅವಳ ಮಾತೆಲ್ಲ ಕೇಳುತ್ತಿತ್ತು. ಸಾರಿಗೆ ಹುಣಸೆ ಜಾಸ್ತಿಯಾದದ್ದು, ನೆರೆಮನೆಯ ಸೊಸೆ ಬಸುರಿ ಎಂಬುದು, ಕವಿತಾಳ ಮಗ್ಗಿ ಬಾರದ ಮಕ್ಕಳ ಕಥೆ. ಎಲ್ಲದರಲ್ಲೂ ಅವಳಿದ್ದಳು, ಅವನೊಬ್ಬ ಇರಲಿಲ್ಲ. ಒಂದು ದಿನವೂ ಅವಳು ಅವನನ್ನು ಕೇಳಲಿಲ್ಲ. ಕೇಳಲು ಹೋದಾಗಲೆಲ್ಲ ಯಂತ್ರ ಮಲಗುತ್ತದೆಂದು ಅವಳು ಕಲಿತುಬಿಟ್ಟಿದ್ದಳು. ಇವನಿಗೆ ಅದು ಹೇಗೆ ತಿಳಿಯಬೇಕು?

ಏಪ್ರಿಲ್ ಕಳೆಯಿತು. ಹೊರಗಿನ ಗಾಳಿಯೇ ಒಲೆಯಾಯಿತು, ಅದರ ಮೇಲೆ ಕಿಟಕಿಯ ಬಿಸಿಗಾಳಿ ಬೇರೆ. ಹಿಂದೊಮ್ಮೆ ಎದೆನೋವು ಬಂದು ಸ್ಟೆಂಟ್ ಹಾಕಿಸಿಕೊಂಡ ಮನುಷ್ಯ, ಅಲ್ಲೇ ಬೆವರುತ್ತ ಕೂರುತ್ತಿದ್ದ. ಅವಳು ಜಾಸ್ತಿ ಮಾತಾಡಿದರೆ ಗಾಳಿ ಜಾಸ್ತಿ ಬಿಸಿ. ಅವನು ಆಗಾಗ ಕೈ ಎತ್ತಿ ಕಿಟಕಿಗೆ ಹಿಡಿದು ನೋಡುತ್ತಿದ್ದ, ಮಗುವಿನ ಜ್ವರ ನೋಡುವವರಂತೆ. ಇವತ್ತು ಚೆನ್ನಾಗಿ ಮಾತಾಡಿದ್ದಾಳೆ ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದ. ಅವನ ದುಃಖಕ್ಕೆ ಅದೊಂದೇ ಮದ್ದು.

ಕವಿತಾಗೆ ಅದನ್ನು ನೋಡಲಾಗಲಿಲ್ಲ. ಒಂದು ಮಧ್ಯಾಹ್ನ ಹೊರಗಿನಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಅವನ ಮುಂದೆ ನಿಂತಳು.

"ಎದ್ದು ಒಳಗ ಹೋಗಪ್ಪ. ಇಲ್ಲಿ ಕುಂತು ಸಾಯ್ತಿಯೇನು?"

"ನಾ ಹೋದ್ರ ಆಕಿ ಮಾತು ನಿಂದರ್ತೈತಿ."

"ದೊಡ್ಡ ರೇಡಿಯೇಟರ್ ಇನ್ನೊಂದು ಬಂದೈತಂತ ಕೇಂದ್ರದಾಗ. ನಾ ಹೇಳಿ ಬಂದೀನಿ. ನಾಳೆ ಹಾಕ್ತಾರ."

"ಬ್ಯಾಡವ್ವ. ಆಕಿ ಮನಸಿನ್ಯಾಗಿದ್ದದ್ದು ಹೊರಗ ಬಂತಂದ್ರ..."

"ಬರ್ಲಿ! ಬೈದ್ರ ಬೈಲಿ. ಬಾಯ್ತುಂಬ ಬೈಲಿ ಒಂದ್ಸಲ. ಆಕಿನೂ ಹಗುರ ಆಗ್ತಾಳ, ನೀನೂ ಆಗ್ತಿ. ಇದು ಯಾವ ಬಾಳುವಿ?"

ಮರುದಿನ ಶಾಹೀನೇ ಬಂದು ಹಳೆಯದನ್ನು ಬಿಚ್ಚಿ ನಾಲ್ಕು ಫ್ಯಾನಿನದನ್ನು ಕೂರಿಸಿದಳು. ಪಂಪು ಬದಲಾಯಿತು, ಕೊಳವೆಯಿಂದ ಗಾಳಿಗುಳ್ಳೆ ಹೋಗುವತನಕ ನೀರು ತಿರುಗಿತು. ಶಂಕ್ರಮ್ಮನಿಗೆ ವಿಷಯ ಹೇಳಿರಲಿಲ್ಲ, ಹೇಳಿದರೇ ಯಂತ್ರ ಕಾಯುತ್ತದಲ್ಲ! "ಬರ್ರಿ ಕಾಕಾ" ಎಂದು ಶಾಹೀನ್ ಕರೆದಳು. ಸೂಗಪ್ಪ ಬಾಗಿಲಲ್ಲಿ ನಿಂತ. ಬೈಸಿಕೊಳ್ಳಲು ಬಂದವನ ಹಾಗೆ ಕೈ ಮುಂದೆ ಕಟ್ಟಿಕೊಂಡಿದ್ದ. ಎರಡು ತಿಂಗಳಲ್ಲಿ ಅವನ ಕೆನ್ನೆ ಒಳಗೆ ಹೋಗಿತ್ತು, ಮೈ ಸುಟ್ಟ ಬದನೆಕಾಯಿಯಾಗಿತ್ತು.

ನಾಲ್ಕೂ ಫ್ಯಾನು ಒಟ್ಟಿಗೇ ಎದ್ದವು. ನೀರಿನ ಬಿಸಿ ಏರಿತು, ಇನ್ನೂ ಏರಿತು, ಕೆಂಪು ಗೆರೆಯ ಹತ್ತಿರ ಬಂದು ಅಲ್ಲೇ ನಡುಗುತ್ತ ನಿಂತಿತು. ಯಂತ್ರ ಮಲಗಲಿಲ್ಲ. ಅಷ್ಟು ದಿನಗಳ ಮೇಲೆ ಗಂಡನನ್ನು ಈ ಅವಸ್ಥೆಯಲ್ಲಿ ಕಂಡ ಆ ಗಳಿಗೆಯಲ್ಲಿ, ಮಾತಿನ ಹೊಸ್ತಿಲು ಕಾಯುತ್ತಿದ್ದ ಶಂಕ್ರಮ್ಮನೇ ಮೈಮರೆತಳು.

"ಸೂಗಪ್ಪಾ" ಎಂದಿತು ಯಂತ್ರ.

ಯಾರಿಗೂ ಏನೂ ಹೊಳೆಯಲಿಲ್ಲ. ಕೋಣೆಯಲ್ಲಿದ್ದ ಯಾರೂ ಆ ದನಿಯಲ್ಲಿ ಆ ಹೆಸರನ್ನು ಕೇಳಿದವರಲ್ಲ. ಸೂಗಪ್ಪ ಕೂಡ ಕೇಳಿರಲಿಲ್ಲ. ಮದುವೆಯಾದಂದಿನಿಂದ ಅವನು "ರೀ" ಆಗಿದ್ದ, "ಕವಿತಾನ ಅಪ್ಪ" ಆಗಿದ್ದ, ಸಿಟ್ಟು ಬಂದಾಗ "ಈ ಮನಿ ಯಜಮಾನ್ರು" ಆಗಿದ್ದ.

"ಅಯ್ಯಯ್ಯ ಶಿವನೇ!" ಯಂತ್ರ ಕೂಗಿತು. "ಬಂದ್ ಮಾಡ್ರಿ, ಲಗೂನ ಬಂದ್ ಮಾಡ್ರಿ! ಅಂದುಬಿಟ್ನಲ್ಲ! ನುಂಗಾಕತ್ತಿದ್ದೆ, ಇಷ್ಟು ದಿನ ನುಂಗಾಕತ್ತಿದ್ದೆ..."

"ಏನವ್ವಾ? ಏನ್ ನುಂಗಾಕತ್ತಿದ್ದಿ?" ಕವಿತಾ ಬಗ್ಗಿ ಕೇಳಿದಳು.

"ಗಂಡನ ಹೆಸರು ಹಿಡದ್ರ ಅವರ ಆಯುಷ್ಯ ಕಡಿಮಿ ಆಗ್ತೈತಿ. ನಮ್ಮವ್ವ ಮದಿವಿ ದಿನ ಆಣಿ ಹಾಕಿಸಿದ್ಳು. ನಾಲಿಗಿ ಇದ್ದಾಗ ಸುಲಭ ಇತ್ತು. ಇದು ಹಾಳಾದ್ದು ಮನಸಿನ್ಯಾಗಿಂದ ಎತ್ತತೈತಿ. ಅನ್ನಬಾರದು ಅನ್ನಬಾರದು ಅಂದಷ್ಟೂ ಅದ ಬರ್ತೈತಿ. ಮೊದಲ ಎದಿಬ್ಯಾನಿ ಮನುಷ್ಯಾ..."

ಔಷಧಿ ಕುಡಿಯುವಾಗ ಕೋತಿಯನ್ನು ನೆನೆಯಬೇಡ ಎಂದ ಹಾಗೆ. ನೆನೆಯಬೇಡ ಎಂದದ್ದೇ ನೆನಪು. ಶಾಹೀನ್ ತಲೆ ತಗ್ಗಿಸಿ ತನ್ನ ಕೈಯಲ್ಲಿದ್ದ ಸ್ಪ್ಯಾನರನ್ನೇ ನೋಡುತ್ತಿದ್ದಳು. ಸೂಗಪ್ಪ ಮಂಚದ ಅಂಚಿಗೆ ಕುಸಿದು ಕೂತ. ತನ್ನ ಮೇಲಿನ ದ್ವೇಷ ಎಂದುಕೊಂಡು ಅವನು ಹೆದರಿ ದೂರ ಸರಿದ ಬಿಸಿಯೆಲ್ಲ, ಅವನ ಆಯುಷ್ಯಕ್ಕೆ ಅವಳು ಹಿಡಿದ ಕಾವಲಾಗಿತ್ತು.

"ಇಷ್ಟಕ್ಕೇನ?" ಎಂದ. "ಇಷ್ಟಕ್ಕ ನನ್ನ ವರಾಂಡದಾಗ ಕುಂಡ್ರಿಸಿದ್ಯಾ?"

"ನಾ ಎಲ್ಲಿ ಕುಂಡ್ರಿಸೀನಿ? ನೀವ ಬರೂದು ಬಿಟ್ರಿ. ನನ್ನ ಈ ಮಾರಿ ನೋಡಾಕ ಬ್ಯಾಸರ ಆಗೈತಿ ಅನ್ಕೊಂಡೆ."

ಅವನು ಅವಳ ಸತ್ತ ಕೈಯನ್ನು ಎತ್ತಿ ತನ್ನ ಕೆನ್ನೆಗೆ ಒತ್ತಿಕೊಂಡು ಗೋಳೋ ಎಂದು ಅತ್ತ. ಕವಿತಾ ಶಾಹೀನಳನ್ನು ಕರೆದುಕೊಂಡು ಹೊರಗೆ ಹೋದಳು.

ಅದಾದ ಮೇಲೆ ಆ ಮನೆಯಲ್ಲಿ ಎರಡು ತಿಂಗಳು ಚೆನ್ನಾಗಿದ್ದವು. ದೊಡ್ಡ ರೇಡಿಯೇಟರ್ ಇದ್ದುದರಿಂದ ಶಂಕ್ರಮ್ಮ ಹೆಸರನ್ನು ನುಂಗಿಕೊಂಡೇ ಉಳಿದ ಮಾತನ್ನೆಲ್ಲ ಗಂಡನೊಡನೆ ಆಡಬಹುದಿತ್ತು. ಅವನು ಒಳಗೆ ಬಂದರೆ ಫ್ಯಾನುಗಳು ಎದ್ದು ಭೋರಿಡುತ್ತಿದ್ದವು; ಒಬ್ಬರ ಮಾತು ಒಬ್ಬರಿಗೆ ಕೇಳಬೇಕಾದರೆ ಅವನು ಮಂಚಕ್ಕೆ ಒರಗಿ ಕೂರಬೇಕಿತ್ತು, ಕೂರುತ್ತಿದ್ದ. "ಇನ್ನೊಮ್ಮಿ ಅನ್ನಲೇ" ಎಂದು ಕಾಡುತ್ತಿದ್ದ. "ಸುಮ್ಮಕುಂದರ್ರಿ, ಆಯುಷ್ಯ ಏನು ಕಾಲೊನಿ ನಳದಾಗ ಬರ್ತೈತೇನು?" ಎಂದು ಅವಳು ಗದರುತ್ತಿದ್ದಳು. ಒಂದು ಸಲ ಬಾಯಿಂದ ಬಿದ್ದುದಕ್ಕೆ ಪರಿಹಾರವಾಗಿ ದೇವಸೂಗೂರಿನ ಗುಡಿಗೆ ಎಣ್ಣೆ ಕಳಿಸಿದಳು. ಕವಿತಾ ನಗುತ್ತ ಕೊಟ್ಟು ಬಂದಳು.

ಶ್ರಾವಣದ ಒಂದು ಬೆಳಗ್ಗೆ ಸೂಗಪ್ಪ ಅವಳಿಗೆ ಪತ್ರಿಕೆ ಓದಿ ಹೇಳುತ್ತಿದ್ದ. ನದಿಗೆ ನೀರು ಬಿಟ್ಟ ಸುದ್ದಿ. ಅರ್ಧಕ್ಕೆ ನಿಲ್ಲಿಸಿ ಎದೆ ಒತ್ತಿಕೊಂಡ.

"ಕವಿತಾ! ಓಡಿ ಬಾ, ನಿಮ್ಮಪ್ಪನ ನೋಡು!" ಯಂತ್ರ ಕಿರುಚಿತು. ಒಂದು ಅಕ್ಷರವೂ ತಡವರಿಸಲಿಲ್ಲ. ಆ ರೇಡಿಯೇಟರ್ ತನ್ನ ಕೆಲಸ ಮಾಡಿತು. ಕವಿತಾ ಓಡಿ ಬಂದಳು, ನೆರೆಯವರು ಬಂದರು, ಡಾಕ್ಟರೂ ಬಂದರು. ಸೂಗಪ್ಪ ಆಗಲೇ ಹೋಗಿದ್ದ.

ನಡುಮನೆಯಲ್ಲಿ ಅವನನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ ಹಾರ ಹಾಕಿದರು. ಭಜನೆಯವರು ತಾಳ ಹಿಡಿದರು. ಕವಿತಾ ಅವ್ವನ ಮಂಚವನ್ನು ಬಾಗಿಲಿಗೆ ಎಳೆದು, ಅಪ್ಪನ ಮುಖ ಕಾಣುವಂತೆ ತಲೆ ಎತ್ತಿ ದಿಂಬಿಟ್ಟಳು. ಫ್ಯಾನುಗಳು ಏಳುತ್ತವೆಂದು ಎಲ್ಲರೂ ಕಾದರು. ಏಳಲಿಲ್ಲ.

"ಸೂಗಪ್ಪಾ" ಎಂದಳು ಶಂಕ್ರಮ್ಮ.

ತಾಳ ನಿಂತಿತು.

"ಸೂಗಪ್ಪಾ. ಏಳ ಸೂಗಪ್ಪಾ. ನಾ ಕರ್ಯಾಕತ್ತೀನಿ. ಅಷ್ಟು ಬೇಡತಿದ್ದಿ, ಈಗ ಕರ್ಯಾಕತ್ತೀನಿ, ಓ ಅನ್ನು."

ಮುದುಕಿಯರು ಸೆರಗು ಬಾಯಿಗೆ ತುರುಕಿಕೊಂಡರು. ಅವನನ್ನು ಎತ್ತಿಕೊಂಡು ಹೋಗುವತನಕ ಅವಳು ಕರೆಯುತ್ತಲೇ ಇದ್ದಳು. ಅಷ್ಟೊತ್ತೂ ಕೊಳವೆಯ ನೀರು ಕೋಣೆಯ ಗಾಳಿಯಷ್ಟೇ ಬೆಚ್ಚಗಿತ್ತು. ತಡೆಯುವುದು ಏನೂ ಇರಲಿಲ್ಲ, ತೂಗುವುದು ಏನೂ ಇರಲಿಲ್ಲ.

ಕಂಟ್ರೋಲ್ ರೂಮಿನಲ್ಲಿ ಶಾಹೀನ್ ಆ ಮನೆಯ ಗೆರೆ ಮಟ್ಟಸವಾಗಿ ಮಲಗಿದ್ದನ್ನು ಕಂಡು ಮೀಟರು ಕೆಟ್ಟಿದೆ ಎಂದುಕೊಂಡಳು. ಕೆಲವು ದಿನ ಕಾದು, ಸರಿಮಾಡಲು ಬಂದಳು. ಬಾಗಿಲಲ್ಲೇ ಸುದ್ದಿ ತಿಳಿಯಿತು. ಒಳಗೆ ಬಂದು ಮಂಚದ ಪಕ್ಕ ನಿಂತಳು.

"ಶಾಹೀನಮ್ಮ ಬಂದಿಯೇನು?" ಎಂದಳು ಶಂಕ್ರಮ್ಮ. "ಒಂದ ಸಲ ಅಂದಿದ್ದೆ ನೋಡವ್ವ. ಒಂದ ಸಲ."

"ಅವ್ವಾ, ಎದಿ ರೋಗ ಮೊದಲಿಂದ ಇತ್ತು. ಹೆಸರು ಹಿಡದ್ರ ಯಾರೂ ಸಾಯಂಗಿಲ್ಲ" ಎಂದಳು ಕವಿತಾ. ಆ ಮಾತನ್ನು ಅವಳು ಎಷ್ಟು ಸಲ ಹೇಳಿದ್ದಳೋ, ದನಿ ಸವೆದುಹೋಗಿತ್ತು.

"ಹೂಂ, ನೀ ಓದಿದಾಕಿ." ಫ್ಯಾನು ತಿರುಗಲಿಲ್ಲ. "ಶಾಹೀನಮ್ಮ, ಈ ದೊಡ್ಡದನ್ನ ಬಿಚ್ಚಿಕೊಂಡು ಹೋಗು. ನನಗ ಆ ಸಣ್ಣದು ಸಾಕು."

"ಇರ್ಲಿ ಬಿಡ್ರಿ ಅಮ್ಮಾರ, ಅವಸರಿಲ್ಲ."

"ಇಲ್ಲವ್ವ, ಒಯ್ಯಿ. ಯಾರಿಗರ ಗಂಡ ಇದ್ದಾಕಿಗಿ ಹಾಕು."